ಫೆಟ್‌ನ ‘ಬಿಲ್ಡ್ ಆ್ಯನ್ ಆಟಂ’: ಪ್ರೌಢಶಾಲೆಯ ರಸಾಯನಶಾಸ್ತ್ರಕ್ಕೊಂದು ಉಚಿತ ಸಲಕರಣೆ

ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ಮಕ್ಕಳು ಮೊದಲು ಎಡವುವುದು ಪರಮಾಣುವಿನ ರಚನೆಯಲ್ಲಿ. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್‌ಗಳ ಆವೇಶವನ್ನೂ ಸ್ಥಾನವನ್ನೂ ಕೋಷ್ಟಕ ಹಾಕಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯನ್ನು, ಈ ಮೂರರಲ್ಲಿ ಒಂದೊಂದು ಹೆಚ್ಚಾದರೆ ಅಥವಾ ಕಡಿಮೆಯಾದರೆ ಏನೇನು ಬದಲಾಗುತ್ತದೆ ಎಂದು ಕೇಳಿ ನೋಡಿದರೆ, ಹೆಚ್ಚಿನ ಸಲ ಮೌನವೇ ಉತ್ತರವಾಗಿರುತ್ತದೆ. ಈ ಒಂದು ಪ್ರಶ್ನೆಗೆ ಮಕ್ಕಳೇ ಕೈಯಾಡಿಸಿ ಉತ್ತರ ಕಂಡುಕೊಳ್ಳಲು ನನಗೆ ತಿಳಿದ ಅತ್ಯುತ್ತಮ ಸಾಧನವೆಂದರೆ, ತೆರೆಯ ಮೇಲೆ ಆಡಿಸಿ ಕಲಿಯುವ ವಿಜ್ಞಾನದ ಸಿಮ್ಯುಲೇಷನ್‌ಗಳನ್ನು (ಅಣಕು ಪ್ರಯೋಗಗಳನ್ನು) ರೂಪಿಸುವ ಫೆಟ್ ಯೋಜನೆಯ ‘ಬಿಲ್ಡ್ ಆ್ಯನ್ ಆಟಂ’ ಎಂಬ ಸಿಮ್ಯುಲೇಷನ್. ಅಮೆರಿಕದ ಬೋಲ್ಡರ್‌ನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಅವರು ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದಿದ್ದರು. ಸಿಮ್ಯುಲೇಷನ್ ಬಳಸಲು ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಮೊಬೈಲಿನ ಬ್ರೌಸರ್‌ನಲ್ಲಿಯೇ ಅದು ತೆರೆದುಕೊಳ್ಳುತ್ತದೆ.

ತೆರೆಯ ಮೇಲೆ ಕಾಣುವುದು ಇಷ್ಟೇ: ಕೆಳಗೆ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ತುಂಬಿದ ಮೂರು ಬುಟ್ಟಿಗಳು, ಮೇಲೆ ಖಾಲಿ ಪರಮಾಣು, ಪಕ್ಕದಲ್ಲಿ ಪುಟ್ಟದೊಂದು ಆವರ್ತ ಕೋಷ್ಟಕ. ಬೆರಳಿನಿಂದ ಒಂದೊಂದು ಕಣವನ್ನು ಎಳೆದು ಪರಮಾಣುವಿನ ಮೇಲೆ ಬಿಟ್ಟರೆ, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ನಡುವೆ ಹೋಗಿ ನ್ಯೂಕ್ಲಿಯಸ್ ಎಂಬ ಗುಂಪಾಗುತ್ತವೆ, ಎಲೆಕ್ಟ್ರಾನ್‌ಗಳು ಮೊದಲ ವೃತ್ತದಲ್ಲಿ ಎರಡು ಸೇರಿದ ಮೇಲೆ ಎರಡನೆಯ ವೃತ್ತಕ್ಕೆ ಹೋಗುತ್ತವೆ. ಪ್ರತಿ ಹೆಜ್ಜೆಯಲ್ಲೂ ಧಾತುವಿನ ಹೆಸರು, ಒಟ್ಟು ಆವೇಶ, ರಾಶಿ ಸಂಖ್ಯೆ (ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆ) ಬದಲಾಗುತ್ತಾ ಹೋಗುತ್ತವೆ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದು ಅಳಿಸಿ ಮತ್ತೆ ಬರೆಯಬೇಕಾದ ಹತ್ತಾರು ಚಿತ್ರಗಳ ಕೆಲಸ ಇಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಈ ಸಲಕರಣೆಯ ನಿಜವಾದ ಬೆಲೆ ಸಮಯದ ಉಳಿತಾಯದಲ್ಲಿಲ್ಲ. ಒಂದು ಸಂಖ್ಯೆಯನ್ನು ಮಾತ್ರ ಬದಲಾಯಿಸಿ ಉಳಿದ ಎರಡನ್ನು ಹಾಗೆಯೇ ಇಟ್ಟುಕೊಳ್ಳುವ ಅವಕಾಶ ಇಲ್ಲಿ ಸಿಗುತ್ತದೆ. ಯಾವ ಕಣ ಏನನ್ನು ನಿರ್ಧರಿಸುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಕಾಣಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ಲಿಥಿಯಮ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೂರು ಪ್ರೋಟಾನ್, ನಾಲ್ಕು ನ್ಯೂಟ್ರಾನ್, ಮೂರು ಎಲೆಕ್ಟ್ರಾನ್ ಹಾಕಿದರೆ ತಟಸ್ಥವಾದ ಲಿಥಿಯಮ್ ಪರಮಾಣು ಸಿದ್ಧವಾಗುತ್ತದೆ. ಈಗ ಹೊರ ವೃತ್ತದ ಒಂದೇ ಒಂದು ಎಲೆಕ್ಟ್ರಾನನ್ನು ತೆಗೆದು ಬುಟ್ಟಿಗೆ ಹಾಕುವ ಮೊದಲು, ಇನ್ನು ಇದು ಯಾವ ಧಾತು ಎಂದು ತರಗತಿಯನ್ನು ಕೇಳಬೇಕು. ಉಳಿಯುವುದು ಎರಡೇ ಎಲೆಕ್ಟ್ರಾನ್, ಹೀಲಿಯಮ್‌ನಲ್ಲಿರುವುದೂ ಎರಡೇ, ಆದ್ದರಿಂದ ಇದು ಹೀಲಿಯಮ್ ಆಯಿತು ಎಂದು ಜಾಣ ಮಕ್ಕಳೂ ವಾದಿಸುತ್ತಾರೆ. ಎಲೆಕ್ಟ್ರಾನ್ ತೆಗೆದ ಮೇಲೆ ಆವರ್ತ ಕೋಷ್ಟಕದಲ್ಲಿ ಗುರುತಾದ ಮನೆ ಅಲುಗಾಡುವುದಿಲ್ಲ, ಲಿಥಿಯಮ್ ಎಂಬ ಹೆಸರು ಹಾಗೆಯೇ ಉಳಿಯುತ್ತದೆ, ಆವೇಶ ಮಾತ್ರ +1 ಆಗುತ್ತದೆ. ನಂತರ ಪ್ರೋಟಾನೊಂದನ್ನು ತೆಗೆದಾಗ ಮಾತ್ರ ಹೆಸರು ಹೀಲಿಯಮ್‌ಗೆ ತಿರುಗುತ್ತದೆ. ಧಾತುವಿನ ಗುರುತು ಪರಮಾಣು ಸಂಖ್ಯೆಯಲ್ಲಿದೆ, ಅಂದರೆ ಪ್ರೋಟಾನ್‌ಗಳ ಎಣಿಕೆಯಲ್ಲಿದೆ ಎಂಬ ವಾಕ್ಯವನ್ನು ಇದಾದ ಮೇಲೆ ಬರೆಸಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಹೀಗೆ ಮೊದಲು ಊಹೆ, ಆಮೇಲೆ ತೆರೆ ಎಂಬ ಕ್ರಮವನ್ನು ಬಿಟ್ಟರೆ ಇದು ಬರಿಯ ಆಟವಾಗುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಕೈಗೆ ಮೊಬೈಲ್ ಕೊಡುವ ಮೊದಲು ನೋಟ್‌ಪುಸ್ತಕದಲ್ಲಿ ಉತ್ತರ ಬರೆಸಿಕೊಳ್ಳುವುದು ಅಗತ್ಯ.

ನ್ಯೂಟ್ರಾನ್‌ಗಳ ಪಾಠಕ್ಕೆ ಈ ಸಿಮ್ಯುಲೇಷನ್ ಪಠ್ಯಪುಸ್ತಕಕ್ಕಿಂತ ಮುಂದೆ ಹೋಗುತ್ತದೆ. ಸ್ಥಿರತೆಯನ್ನು ತೋರಿಸುವ ಆಯ್ಕೆಯನ್ನು ಗುರುತು ಹಾಕಿಕೊಂಡರೆ, ಅಸ್ಥಿರವಾದ ನ್ಯೂಕ್ಲಿಯಸ್ ನಿಂತಲ್ಲಿ ನಿಲ್ಲದೆ ನಡುಗುತ್ತದೆ. ಆರು ಪ್ರೋಟಾನ್‌ಗಳ ಜೊತೆ ಆರು ಅಥವಾ ಏಳು ನ್ಯೂಟ್ರಾನ್ ಇದ್ದರೆ ಇಂಗಾಲ ಸ್ಥಿರವಾಗಿರುತ್ತದೆ, ಎಂಟನೆಯದನ್ನು ಸೇರಿಸಿದೊಡನೆ ಅದು ಇಂಗಾಲ-14 ಆಗಿ ನಡುಗಲು ತೊಡಗುತ್ತದೆ. ಪ್ರೋಟಾನ್ ಮತ್ತು ನ್ಯೂಟ್ರಾನ್ ಸಮನಾಗಿದ್ದರೆ ಸಾಕು ಎಂಬ ಸುಲಭದ ನಿಯಮವನ್ನು ಮಕ್ಕಳು ಇಷ್ಟರಲ್ಲಿ ತಾವಾಗಿಯೇ ಕಟ್ಟಿಕೊಂಡಿರುತ್ತಾರೆ. ಆಗ ಬೆರಿಲಿಯಮ್ ಕಟ್ಟಿಸಬೇಕು. ನಾಲ್ಕು ಪ್ರೋಟಾನ್, ನಾಲ್ಕು ನ್ಯೂಟ್ರಾನ್ ಹಾಕಿದರೆ ನ್ಯೂಕ್ಲಿಯಸ್ ನಡುಗುತ್ತದೆ. ಐದನೆಯ ನ್ಯೂಟ್ರಾನ್ ಬಂದ ಮೇಲೆಯೇ ಅದು ಶಾಂತವಾಗುತ್ತದೆ. ನಿಸರ್ಗದಲ್ಲಿ ಸ್ಥಿರವಾಗಿ ಸಿಗುವುದು ಬೆರಿಲಿಯಮ್-9 ಒಂದೇ. ಬೆರಿಲಿಯಮ್-8 ಹುಟ್ಟಿದ ಕೂಡಲೇ ಎರಡು ಹೀಲಿಯಮ್ ನ್ಯೂಕ್ಲಿಯಸ್‌ಗಳಾಗಿ ಒಡೆದುಹೋಗುತ್ತದೆ. ಮಕ್ಕಳು ತಾವೇ ಮಾಡಿಕೊಂಡ ನಿಯಮವನ್ನು ತಾವೇ ಮುರಿದು ನೋಡುವ ಇಂಥ ಅವಕಾಶ ಈ ಹಂತದ ರಸಾಯನಶಾಸ್ತ್ರದಲ್ಲಿ ಅಪರೂಪ.

ಇಲ್ಲಿಯೇ ನನ್ನ ಮೊದಲ ಆಕ್ಷೇಪವೂ ಇದೆ. ಕಣ್ಣು ಮಿಟುಕಿಸುವಷ್ಟು ಕಾಲವೂ ಬಾಳದ ಬೆರಿಲಿಯಮ್-8ಕ್ಕೂ, 5,730 ವರ್ಷಗಳ ಅರ್ಧಾಯುಷ್ಯವಿರುವ, ಅಂದರೆ ಅಷ್ಟು ಕಾಲದಲ್ಲಿ ಅರ್ಧದಷ್ಟು ಮಾತ್ರ ಕ್ಷಯಿಸುವ ಇಂಗಾಲ-14ಕ್ಕೂ ತೆರೆಯ ಮೇಲೆ ಒಂದೇ ಹಣೆಪಟ್ಟಿ, ಒಂದೇ ನಡುಕ. ಹಳೆಯ ಮರದ ತುಂಡಿನ ವಯಸ್ಸನ್ನು ಇಂಗಾಲ-14ರಿಂದ ಅಳೆಯಲು ಸಾಧ್ಯವಾಗುವುದೇ ಅದು ಇಷ್ಟು ನಿಧಾನವಾಗಿ ಕ್ಷಯಿಸುವುದರಿಂದ ಎಂದು ಶಿಕ್ಷಕರು ಬಾಯಿಮಾತಿನಲ್ಲಿ ಸೇರಿಸಲೇಬೇಕು. ಇಲ್ಲವಾದರೆ ಅಸ್ಥಿರ ಎಂದರೆ ಈಗಲೇ ಸಿಡಿಯುವಂಥದ್ದು ಎಂಬ ಭಾವನೆ ಉಳಿದುಬಿಡುತ್ತದೆ.

ಎರಡನೆಯದು ಅಳತೆಯ ವಿಷಯ. ಚಿತ್ರದಲ್ಲಿ ನ್ಯೂಕ್ಲಿಯಸ್ ಎದ್ದು ಕಾಣುವಷ್ಟು ದೊಡ್ಡದಾಗಿದೆ, ಎಲೆಕ್ಟ್ರಾನ್‌ಗಳ ವೃತ್ತಗಳು ಅದಕ್ಕೆ ಒತ್ತಿಕೊಂಡಂತಿವೆ. ನಿಜವಾದ ಪ್ರಮಾಣದಲ್ಲಿ ನ್ಯೂಕ್ಲಿಯಸ್ಸನ್ನು ರಾಗಿ ಕಾಳಿನಷ್ಟು ಮಾಡಿದರೆ, ಪರಮಾಣು ಶಾಲೆಯ ಆಟದ ಮೈದಾನದಷ್ಟಾದರೂ ಆಗಬೇಕು. ಯಾವ ತೆರೆಯ ಮೇಲೂ ಇದನ್ನು ತೋರಿಸಲಾಗದು ಎಂಬುದು ಸರಿಯೇ, ಆದರೂ ಮಕ್ಕಳಿಗೆ ಹೇಳಿಯೇ ಮುಂದುವರಿಯಬೇಕು. ಎಲೆಕ್ಟ್ರಾನ್‌ಗಳನ್ನು ವೃತ್ತದ ಮೇಲಿನ ಚುಕ್ಕೆಗಳ ಬದಲು ಮೋಡದಂತೆ ತೋರಿಸುವ ಆಯ್ಕೆ ಇರುವುದು ಮೆಚ್ಚತಕ್ಕದ್ದು. ಎಲೆಕ್ಟ್ರಾನ್‌ಗಳು ವೃತ್ತಗಳಲ್ಲಿ ಸುತ್ತುತ್ತವೆ ಎಂದು ಭೌತವಿಜ್ಞಾನಿ ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಚಿತ್ರವೇ ಕೊನೆಯ ಮಾತಲ್ಲ ಎಂದು ಸೂಚಿಸಲು ಅದೊಂದು ಗುಂಡಿ ಸಾಕು.

ಬುಟ್ಟಿಯಲ್ಲಿರುವ ಪ್ರೋಟಾನ್‌ಗಳು ಹತ್ತೇ ಆದ್ದರಿಂದ ಕಟ್ಟುವ ಕೆಲಸ ನಿಯಾನ್‌ಗೆ ಮುಗಿಯುತ್ತದೆ. ನಮ್ಮ ಪಾಠಗಳಲ್ಲಿ ಅಯಾನು (ಆವೇಶ ಪಡೆದ ಪರಮಾಣು) ಎಂದೊಡನೆ ಬರುವುದು ಸೋಡಿಯಮ್ ಮತ್ತು ಕ್ಲೋರಿನ್, ಇಲ್ಲಿ ಅವೆರಡೂ ಸಿಗುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಪರಿಹಾರ, ಲಿಥಿಯಮ್ ಮತ್ತು ಫ್ಲೋರಿನ್ ಜೋಡಿಯನ್ನು ಬಳಸುವುದು. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಲಿಥಿಯಮ್ ಅಯಾನನ್ನೂ, ಒಂಬತ್ತು ಪ್ರೋಟಾನ್‌ಗಳಿಗೆ ಹತ್ತು ಎಲೆಕ್ಟ್ರಾನ್ ಪಡೆದ ಫ್ಲೋರೈಡ್ ಅಯಾನನ್ನೂ ಒಂದಾದ ಮೇಲೊಂದು ಕಟ್ಟಿಸಿ, ಎರಡರ ಚಿತ್ರವನ್ನೂ ಬರೆಸಿ, ಇವು ಹತ್ತಿರ ಬಂದರೆ ಏನಾದೀತು ಎಂದು ಕೇಳಿದರೆ, ಸೋಡಿಯಮ್ ಕ್ಲೋರೈಡ್‌ನ ಪಾಠ ಅರ್ಧ ಮುಗಿದಂತೆಯೇ. ಉಳಿದ ಅರ್ಧವನ್ನು ಪೆನ್ನು ಹಿಡಿದು, ಸೋಡಿಯಮ್ ಮತ್ತು ಕ್ಲೋರಿನ್‌ನ ಒಂದೊಂದು ವೃತ್ತದಲ್ಲಿರುವ ಎಲೆಕ್ಟ್ರಾನ್‌ಗಳನ್ನು 2, 8, 1 ಮತ್ತು 2, 8, 7 ಎಂದು ಬರೆಯುತ್ತಾ ಪೂರ್ಣಗೊಳಿಸಬಹುದು.

ಕೊನೆಯಲ್ಲಿರುವ ಆಟದ ವಿಭಾಗ ಘಟಕ ಪರೀಕ್ಷೆಯ ತಯಾರಿಗೆ ಚೆನ್ನಾಗಿದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಇದೇ ಯೋಜನೆಯ ‘ಬಿಲ್ಡ್ ಎ ಮಾಲಿಕ್ಯೂಲ್’ ಅನ್ನು ಇದರ ಮುಂದುವರಿದ ಭಾಗವೆಂದು ಹಲವರು ಬಳಸುತ್ತಾರೆ. ಹೈಡ್ರೋಜನ್, ಆಮ್ಲಜನಕ, ಇಂಗಾಲ, ಸಾರಜನಕಗಳ ಪರಮಾಣುಗಳನ್ನು ಜೋಡಿಸಿ ನೀರು, ಕಾರ್ಬನ್ ಡೈಆಕ್ಸೈಡ್, ಅಮೋನಿಯದ ಅಣುಗಳನ್ನು ಮಾಡಿ ಪೆಟ್ಟಿಗೆಗೆ ತುಂಬುವ ಕೆಲಸ ಅದರದು. ಸೂತ್ರದ ಒಳಗೆ ಕೆಳಗಿಳಿಸಿ ಬರೆಯುವ ಅಂಕಿಗೂ ಸೂತ್ರದ ಮುಂದೆ ಬರೆಯುವ ಅಂಕಿಗೂ ಇರುವ ವ್ಯತ್ಯಾಸವನ್ನು ಅದು ಚೆನ್ನಾಗಿ ಕಲಿಸುತ್ತದೆ. ಸಮೀಕರಣ ಸರಿದೂಗಿಸುವಾಗ ಮಕ್ಕಳು ಒಳಗಿನ ಅಂಕಿಯನ್ನೇ ತಿದ್ದಿಬಿಡುವ ಅಭ್ಯಾಸಕ್ಕೆ ಇದೊಳ್ಳೆಯ ಮದ್ದು. ಮೂರು ಆಯಾಮಗಳಲ್ಲಿ ನೋಡುವ ಗುಂಡಿ ಒತ್ತಿದರೆ ನೀರಿನ ಅಣು ನೇರವಾಗಿರದೆ ಬಾಗಿರುವುದೂ ಕಾಣುತ್ತದೆ. ಆದರೆ ಸಂಯುಕ್ತಗಳ ಪಾಠವನ್ನು ಇದೊಂದರ ಮೇಲೆಯೇ ನಿಲ್ಲಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಕಟ್ಟುವುದು ಅಣುಗಳನ್ನು ಮಾತ್ರ. ಅಡುಗೆ ಉಪ್ಪಿನಲ್ಲಿ ಒಂದು ಸೋಡಿಯಮ್, ಒಂದು ಕ್ಲೋರಿನ್ ಸೇರಿದ ಬಿಡಿ ಅಣುಗಳಿಲ್ಲ. ಹರಳಿನ ಒಳಗೆ ಪ್ರತಿ ಸೋಡಿಯಮ್ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳೂ, ಪ್ರತಿ ಕ್ಲೋರೈಡ್ ಅಯಾನಿನ ಸುತ್ತ ಆರು ಸೋಡಿಯಮ್ ಅಯಾನುಗಳೂ ಇರುತ್ತವೆ. ಸಂಯುಕ್ತವೆಂದರೆ ಅಣು ಎಂಬ ತಪ್ಪು ತಿಳಿವಳಿಕೆ ಒಮ್ಮೆ ಬೇರೂರಿದರೆ ಪಿಯುಸಿಯವರೆಗೂ ಬಿಡುವುದಿಲ್ಲ.

ಇನ್ನು ಧಾತು, ಸಂಯುಕ್ತ, ಮಿಶ್ರಣಗಳ ನಡುವಿನ ವ್ಯತ್ಯಾಸಕ್ಕೆ ಬಂದರೆ, ಯಾವ ತೆರೆಯೂ ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗಕ್ಕೆ ಸಮನಾಗದು. ತೂಕದಲ್ಲಿ ಏಳು ಪಾಲು ಕಬ್ಬಿಣ, ನಾಲ್ಕು ಪಾಲು ಗಂಧಕ ಬೆರೆಸಿದ ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣ ಎದ್ದು ಬರುತ್ತದೆ. ಅದೇ ಪುಡಿಯನ್ನು ಪ್ರನಾಳದಲ್ಲಿ ಕೆಂಪಗಾಗುವವರೆಗೆ ಕಾಯಿಸಿ ಆರಿಸಿದರೆ ಸಿಗುವ ಕಪ್ಪು ಗಟ್ಟಿಯಿಂದ ಅಯಸ್ಕಾಂತಕ್ಕೆ ಕಬ್ಬಿಣವನ್ನು ಬೇರ್ಪಡಿಸಲಾಗುವುದಿಲ್ಲ. ಕಿಟಕಿ ಬಾಗಿಲು ತೆರೆದಿಟ್ಟು ಶಿಕ್ಷಕರೇ ಮಾಡಬೇಕಾದ ಈ ಪ್ರಯೋಗವನ್ನು ಮೊದಲು ಮುಗಿಸಿ, ಇಲ್ಲಿ ಕಬ್ಬಿಣಕ್ಕೆ ಏನಾಯಿತು ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದ ಮೇಲೆ ‘ಬಿಲ್ಡ್ ಆ್ಯನ್ ಆಟಂ’ ತೆರೆಯುವುದು ಒಳ್ಳೆಯದು.

ಅಂತರಜಾಲ ಸಂಪರ್ಕ ನೆಚ್ಚಿಕೊಳ್ಳುವಂತಿಲ್ಲದ ಶಾಲೆಗಳಿಗೂ ಇದು ಹೊಂದುತ್ತದೆ. ಒಮ್ಮೆ ಫೈಲನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಹಳೆಯ ಲ್ಯಾಪ್‌ಟಾಪಿನಲ್ಲೂ ಸಂಪರ್ಕವಿಲ್ಲದೆ ನಡೆಯುತ್ತದೆ. ಪ್ರೊಜೆಕ್ಟರ್ ಒಂದೇ ಇದ್ದಲ್ಲಿ ಕಣ ಎಳೆಯುವ ಕೆಲಸವನ್ನು ಶಿಕ್ಷಕರು ಮಾಡದೆ, ಹಿಂದಿನ ಬೆಂಚಿನಿಂದ ಒಬ್ಬೊಬ್ಬರನ್ನೇ ಕರೆದು ಮಾಡಿಸಬೇಕು. ಮೊಬೈಲ್‌ಗಳಿದ್ದಲ್ಲಿ ಇಬ್ಬರಿಗೊಂದರಂತೆ ಕೊಟ್ಟು, ಒಬ್ಬರು ಊಹೆ ಬರೆದ ಮೇಲೆಯೇ ಇನ್ನೊಬ್ಬರು ತೆರೆ ಮುಟ್ಟುವಂತೆ ನೋಡಿಕೊಳ್ಳಬೇಕು.