ಮನಿಲಾ ಮಣಿಯಿತು, ಸಿಯೋಲ್ ಮಣಿಯಲಿಲ್ಲ: ಚರ್ಚೆಗೆ ಯಾವ ಪಕ್ಷ ಹಿಡಿಯುತ್ತೀರಿ?

ಒತ್ತೆಯಾಳಿನ ಜೀವಕ್ಕಾಗಿ ಸೇನೆ ವಾಪಸ್ ಕರೆಸಬಹುದೇ? ಕಾಲೇಜಿನ ಚರ್ಚೆಗೆ ಈ ವಿಷಯ ಸಿಕ್ಕರೆ, ಅಮೆರಿಕದ ಜೊತೆ ಹಲವು ದೇಶಗಳ ಸೇನೆಗಳಿದ್ದ 2004ರ ಇರಾಕ್ ನೋಡಿ. ಒಂದೇ ವರ್ಷ, ಎರಡು ದೇಶ, ಎರಡು ಉತ್ತರ.

ಮೊದಲು ದಕ್ಷಿಣ ಕೊರಿಯಾದ ಒಬ್ಬ ಅನುವಾದಕನನ್ನು ಅಪಹರಿಸಿದರು. ಸೇನೆ ಬೇಡ ಎಂಬ ಅಪಹರಣಕಾರರ ಬೇಡಿಕೆಗೆ ರಾಜಧಾನಿ ಸಿಯೋಲ್‌ನಲ್ಲಿದ್ದ ಅಧ್ಯಕ್ಷ ರೋ ಮೂ ಹ್ಯುನ್ ಸರ್ಕಾರ ಜಗ್ಗಲಿಲ್ಲ. ಜೂನ್‌ನಲ್ಲಿ ಆತನ ತಲೆ ಕಡಿದರು. ಆದರೂ ಸುಮಾರು 3,000 ಸೈನಿಕರನ್ನು ಕಳಿಸುವ ಯೋಜನೆ ನಿಲ್ಲಲಿಲ್ಲ. ಅವರು ಉತ್ತರ ಇರಾಕಿನ ಎರ್ಬಿಲ್‌ನಲ್ಲಿ 2008ರವರೆಗೂ ಇದ್ದರು.

ಜುಲೈನಲ್ಲಿ ಸರದಿ ಫಿಲಿಪ್ಪೀನ್ಸ್‌ನದು, ಅದರ ರಾಜಧಾನಿಯೇ ಮನಿಲಾ. ಸಿಕ್ಕಿಬಿದ್ದವನು ಲಾರಿ ಚಾಲಕ. ಅಲ್ಲಿದ್ದ ಅವರ ಸೈನಿಕರು ಬರೀ 51 ಮಂದಿ, ಅದೂ ಆಗಸ್ಟ್ 20ಕ್ಕೆ ಹೊರಡಬೇಕಿದ್ದವರು. ಅಧ್ಯಕ್ಷೆ ಗ್ಲೋರಿಯಾ ಅರೋಯೋ ಒಂದು ತಿಂಗಳು ಮೊದಲೇ ಕರೆಸಿಕೊಂಡರು. ಜುಲೈ 20ರಂದು ಚಾಲಕ ಬಿಡುಗಡೆಯಾದ. ಅಮೆರಿಕ, ಆಸ್ಟ್ರೇಲಿಯಾ ಸಿಟ್ಟಾದವು. ಆದರೆ ಕೊಲ್ಲಿಯಲ್ಲಿ ದುಡಿಯುವ ಲಕ್ಷಾಂತರ ಜನರ ಮನೆಗಳು ಆ ದೇಶದಲ್ಲಿವೆ. ಅಲ್ಲಿ ಆ ಚಾಲಕ ಬರೀ ಒಬ್ಬ ಮನುಷ್ಯನಲ್ಲ, ಪ್ರತಿ ಮನೆಯ ಅಪ್ಪ. ಇದನ್ನು ಬಿಟ್ಟು ಅರೋಯೋರನ್ನು ಸುಮ್ನೆ ಹೇಡಿ ಅನ್ನುವುದು ಸುಲಭ, ಅಲ್ವಾ?

ಎದುರು ಪಕ್ಷಕ್ಕೂ ಅಸ್ತ್ರವಿದೆ. ಮರುದಿನವೇ ಇನ್ನೊಂದು ಗುಂಪು ಕೆಲವು ವಿದೇಶಿ ಲಾರಿ ಚಾಲಕರನ್ನು ಹಿಡಿದಿರುವುದಾಗಿ ಹೇಳಿತು. ಅವರಲ್ಲಿ ಮೂವರು ಭಾರತೀಯರು. ನಮ್ಮ ಸೇನೆ ಇರಾಕಿಗೆ ಹೋಗಿಯೇ ಇರಲಿಲ್ಲ! ಅಂದರೆ ಸೇನೆ ಇಲ್ಲದಿದ್ದರೂ ಅಪಾಯ ತಪ್ಪಲಿಲ್ಲ. ಆದರೆ ಮನಿಲಾ ಮಣಿದದ್ದಕ್ಕೇ ಇದಾಯಿತು ಎನ್ನಲು ಪುರಾವೆ ಬೇಕು. ದಿನಾಂಕ ಹತ್ತಿರವಿದ್ದರೆ ಸಾಲದು.

ನಾನಾದರೆ ಮನಿಲಾ ಪಕ್ಷ ಹಿಡಿಯುತ್ತೇನೆ. ಒಂದು ತಿಂಗಳು, 51 ಜನ. ತಕ್ಕಡಿಯ ಇನ್ನೊಂದು ಕಡೆ ಒಂದು ಜೀವ. ಆದರೆ ನಿಮ್ಮ ವಿಷಯ 3,000 ಸೈನಿಕರದ್ದಾದರೆ ಈ ಲೆಕ್ಕ ನಡೆಯುವುದಿಲ್ಲ.