ಟ್ರ್ಯಾಕ್‌ಗೆ ಮೂರು ಅಲೈನ್‌ಮೆಂಟ್‌ಗಳು: ಒಂದೇ ಕಾರಿನಲ್ಲಿ ಮಾಡಿದ ಹೋಲಿಕೆ

ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್‌ಗೆ ಒಯ್ಯುವ ಮುನ್ನ ಚಕ್ರಗಳ ಅಲೈನ್‌ಮೆಂಟ್, ಅಂದರೆ ಅವು ನಿಲ್ಲುವ ಕೋನಗಳನ್ನು, ಬದಲಿಸಬೇಕೆಂಬ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಎಷ್ಟು ಬದಲಿಸಬೇಕೆಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹಿಂದಿನ ಚಕ್ರಗಳಿಂದ ಚಲಿಸುವ, ನಾಲ್ಕೂ ಮೂಲೆಗಳಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುವ ಬಗೆ) ಇರುವ, ಸುಮಾರು ಒಂದು ಟನ್ ತೂಕದ ಕಾರಿನಲ್ಲಿ ನಾನು ಮೂರು ಹೊಂದಾಣಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಬೇಸಿಗೆಯ ಸಾಮಾನ್ಯ ರಸ್ತೆ ಟೈರು, ಬಿಸಿಯಾದ ಮೇಲಿನ ಗಾಳಿಯ ಒತ್ತಡ, ಡ್ಯಾಂಪರ್‌ಗಳ (ಶಾಕ್ ಅಬ್ಸಾರ್ಬರ್) ಬಿಗಿತ ಇವು ಮೂರಕ್ಕೂ ಒಂದೇ ಆಗಿದ್ದವು.

ಮೊದಲನೆಯದು ಕಾರ್ಖಾನೆಯ ಅಳತೆ: ಮುಂದೆ ಅರ್ಧ ಡಿಗ್ರಿ, ಹಿಂದೆ ಒಂದು ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಕಾರಿನ ಒಳಕ್ಕೆ ವಾಲಿರುವುದು), ಎರಡೂ ಕಡೆ ಅಲ್ಪ ಟೋ ಇನ್ (ಚಕ್ರಗಳ ಮುಂಭಾಗ ಒಳಮುಖವಾಗಿರುವುದು; ಹೊರಮುಖವಾಗಿದ್ದರೆ ಟೋ ಔಟ್). ಎರಡನೆಯದರಲ್ಲಿ ಅದೇ ಕ್ಯಾಂಬರ್ ಮುಂದೆ 1.8, ಹಿಂದೆ 1.5 ಡಿಗ್ರಿ, ಮುಂದಿನ ಟೋ ಸೊನ್ನೆ, ಹಿಂದೆ ಎರಡೂ ಚಕ್ರ ಸೇರಿ 2 ಮಿಲಿಮೀಟರ್ ಟೋ ಇನ್. ಮೂರನೆಯದು ಪೂರ್ತಿ ಟ್ರ್ಯಾಕ್‌ಗೆಂದೇ ಮಾಡಿದ್ದು: ಮುಂದೆ 3 ಡಿಗ್ರಿ, ಹಿಂದೆ 2.2 ಡಿಗ್ರಿ, ಮುಂದೆ ಒಟ್ಟು 2 ಮಿಲಿಮೀಟರ್ ಟೋ ಔಟ್, ಹಿಂದೆ 1 ಮಿಲಿಮೀಟರ್ ಟೋ ಇನ್. ಕಾರಿನ ಎಕ್ಸೆಂಟ್ರಿಕ್ ಬೋಲ್ಟ್‌ಗಳಿಂದ (ತಿರುಗಿಸಿ ಕೋನ ಹೊಂದಿಸುವ ಬೋಲ್ಟ್‌ಗಳು) ಇಷ್ಟು ಕ್ಯಾಂಬರ್ ಎಳೆದರೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಇಳಿದುಹೋಗುತ್ತಿತ್ತು. ಅದನ್ನು 6 ಡಿಗ್ರಿಯ ಹತ್ತಿರವೇ ಉಳಿಸಿಕೊಳ್ಳಲು ಮುಂದಿನ ತೋಳುಗಳಿಗೆ ಆಫ್‌ಸೆಟ್ ಬುಷ್ (ರಂಧ್ರ ನಡುವಿನಿಂದ ಸರಿದಿರುವ ಬುಷ್) ಹಾಕಿಸಬೇಕಾಯಿತು.

ಕಾರ್ಖಾನೆಯ ಅಳತೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಿರುವಿನಲ್ಲಿ ಕಾರಿನ ದೇಹ ವಾಲಿದಾಗ ಸಸ್ಪೆನ್ಷನ್ ಅದರಲ್ಲಿ ಒಂದು ಭಾಗವನ್ನಷ್ಟೇ ಸರಿದೂಗಿಸುತ್ತದೆ. ಉಳಿದ ವಾಲುವಿಕೆಗೆ ಟೈರಿನ ಪಕ್ಕಗೋಡೆಯ ಬಾಗುವಿಕೆಯೂ ಸೇರಿ, ಭಾರವೆಲ್ಲ ಹೊರಗಿನ ಚಕ್ರದ ಹೊರ ಅಂಚಿನ ಮೇಲೆ ಬೀಳುತ್ತದೆ. ಮುಂದಿನ ಟೈರುಗಳ ಹೊರ ಭುಜ ಬೇಗನೆ ದುಂಡಗಾಯಿತು, ಕಾರು ಪ್ರತಿ ತಿರುವಿನಲ್ಲೂ ಅಂಡರ್‌ಸ್ಟಿಯರ್ ಆಯಿತು, ಅಂದರೆ ಸ್ಟೀರಿಂಗ್ ತಿರುಗಿಸಿದಷ್ಟು ತಿರುಗದೆ ಹೊರಕ್ಕೆ ಜಾರಿತು. ನೇರ ಬ್ರೇಕಿಂಗ್‌ನಲ್ಲಿ ಮಾತ್ರ ಮೂರರಲ್ಲಿ ಇದೇ ಅತ್ಯಂತ ನೆಮ್ಮದಿಯದಾಗಿತ್ತು.

ನಿಜವಾದ ಸ್ಪರ್ಧೆ ಇದ್ದದ್ದು ಉಳಿದೆರಡರ ನಡುವೆ. ಮೂರನೆಯ ಹೊಂದಾಣಿಕೆಯಲ್ಲಿ ಸ್ಟೀರಿಂಗನ್ನು ಕದಲಿಸಿದ ಕೂಡಲೇ ಮೂತಿ ಒಳಕ್ಕೆ ಹೊರಳುತ್ತದೆ, ಬಿಗಿಯಾದ ತಿರುವುಗಳಲ್ಲಿ ಅದು ಕೊಡುವ ಆತ್ಮವಿಶ್ವಾಸ ಮೊದಮೊದಲು ಮತ್ತೇರಿಸುವಂಥದ್ದು. ಆದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಬೇಗನೆ ಎಚ್ಚರಗೊಳ್ಳುತ್ತಿತ್ತು, ಏಕೆಂದರೆ ನೇರ ಓಟದಲ್ಲಿ ಟೈರು ತನ್ನ ಒಳ ಅಂಚಿನ ಮೇಲೆಯೇ ಹೆಚ್ಚು ಭಾರ ಹೊತ್ತಿರುತ್ತದೆ. ವೇಗದ ದೀರ್ಘ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಸಡಿಲಿಸಿದರೂ ಹಿಂಭಾಗ ಅಲುಗುತ್ತಿತ್ತು. ಹಿಂದಿನ ಕ್ಯಾಂಬರ್ ಮುಟ್ಟದೆ ಅಲ್ಲಿನ ಟೋ ಇನ್ನನ್ನು ಮಾತ್ರ 2 ಮಿಲಿಮೀಟರ್‌ಗೆ ಮರಳಿಸಿದಾಗ ಆ ಚಂಚಲತೆ ಬಹುಪಾಲು ಹೋಯಿತು.

ಟೈರಿನ ಉಷ್ಣತೆಯೂ ಇದನ್ನೇ ಹೇಳಿತು. ಪಿಟ್‌ಗೆ ಬಂದ ತಕ್ಷಣ ರಬ್ಬರಿನೊಳಕ್ಕೆ ಚುಚ್ಚುವ ಸೂಜಿಯ ಪೈರೋಮೀಟರ್‌ನಿಂದ (ಉಷ್ಣತಾಮಾಪಕ) ಒಳ ಅಂಚು, ನಡು, ಹೊರ ಅಂಚುಗಳನ್ನು ಅಳೆಯಬೇಕು. ಇನ್ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ಓದುತ್ತದೆ, ಆ ಮೇಲ್ಮೈಯೋ ನಿಧಾನ ಗತಿಯ ಕೊನೆಯ ಸುತ್ತಿನಲ್ಲೇ ತಣಿದುಬಿಟ್ಟಿರುತ್ತದೆ. ಒಳ ಅಂಚು ಹೊರ ಅಂಚಿಗಿಂತ 5ರಿಂದ 10 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಕ್ಯಾಂಬರ್ ಹದವಾಗಿದೆಯೆಂಬುದು ರೂಢಿಯ ಅಳತೆಗೋಲು. ಎರಡನೆಯ ಹೊಂದಾಣಿಕೆ ಈ ಮಿತಿಯೊಳಗೇ ನಿಂತಿತು. ಮೂರನೆಯದರಲ್ಲಿ ಅಂತರ 20 ಡಿಗ್ರಿ ದಾಟಿತು, ಅಂದರೆ ಆ ಟೈರಿಗೆ ಅಷ್ಟು ಕ್ಯಾಂಬರನ್ನು ಅರಗಿಸಿಕೊಳ್ಳುವ ಶಕ್ತಿ ಇರಲಿಲ್ಲ. ಆಮೇಲೆ ಸೆಮಿ ಸ್ಲಿಕ್ ಟೈರು (ಗಾಳಿಗಳು ಕಡಿಮೆಯಿದ್ದು ಹಿಡಿತ ಹೆಚ್ಚಿರುವ ಟ್ರ್ಯಾಕ್ ಟೈರು) ಹಾಕಿ ಅದೇ 3 ಡಿಗ್ರಿಯಲ್ಲಿ ಓಡಿಸಿದಾಗ ಗ್ರಿಪ್ ಹೆಚ್ಚಿ ದೇಹ ಇನ್ನಷ್ಟು ವಾಲಿತು, ಅಂತರ ಮಿತಿಯೊಳಕ್ಕೆ ಬಂತು, ಕಾರು ಸ್ಪಷ್ಟವಾಗಿ ಉತ್ತಮವಾಯಿತು. ಟೈರಿನ ಹೆಸರೆತ್ತದೆ ಬರೀ ಕ್ಯಾಂಬರ್ ಸಂಖ್ಯೆ ಹೇಳುವ ಸಲಹೆಯನ್ನು ನಾನು ಈಗ ಗಂಭೀರವಾಗಿ ಪರಿಗಣಿಸುವುದಿಲ್ಲ.

ಇನ್ನೊಂದು ಪರೀಕ್ಷೆ ಇವೆಲ್ಲಕ್ಕಿಂತ ಉಪಯುಕ್ತವೆನಿಸಿತು. ರಸ್ತೆ ಟೈರಿನಲ್ಲೇ, ಎರಡನೆಯ ಹೊಂದಾಣಿಕೆಯ ಕ್ಯಾಂಬರನ್ನು ಹಾಗೆಯೇ ಉಳಿಸಿ, ಮುಂದಿನ ಟೋ ಮಾತ್ರ ಸೊನ್ನೆಯಿಂದ 2 ಮಿಲಿಮೀಟರ್ ಔಟ್‌ಗೆ ತಿರುಗಿಸಿದೆ. ಮೂರನೆಯದರ ಕ್ಯಾಂಬರಿನಿಂದ ಬಂದದ್ದೆಂದು ತೋರುತ್ತಿದ್ದ ಆ ಚುರುಕುತನದ ಬಹುಭಾಗ ಇಲ್ಲಿಯೇ ಸಿಕ್ಕಿತು. ತಿರುವಿನ ಪ್ರವೇಶವನ್ನು ಚುರುಕುಗೊಳಿಸುವುದು ಟೋ, ತಿರುವಿನ ನಡುವಿನ ಹಿಡಿತವನ್ನು ಕಾಯುವುದು ಕ್ಯಾಂಬರ್. ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದರ ಫಲ ಯಾವುದೆಂದು ತಿಳಿಯುವುದಿಲ್ಲ. ಟೋ ಔಟ್‌ಗೆ ತನ್ನದೇ ಬೆಲೆಯಿದೆ: ಹೆದ್ದಾರಿಯಲ್ಲಿ ಕಾರು ರಸ್ತೆಯ ಪ್ರತಿ ಗಾಡಿಜಾಡನ್ನೂ ಹಿಂಬಾಲಿಸುತ್ತದೆ, ಮತ್ತು ನೆಗೆಟಿವ್ ಕ್ಯಾಂಬರ್ ಜೊತೆಗೂಡಿದರೆ ಒಳ ಅಂಚು ಸವೆಯುವ ವೇಗ ನೋಡುವಂತಿರುವುದಿಲ್ಲ. ಟೈರು ತಿನ್ನುವ ವಿಷಯದಲ್ಲಿ ಕ್ಯಾಂಬರ್‌ಗಿಂತ ಟೋ ದೊಡ್ಡ ಅಪರಾಧಿ.

ಅಳೆಯುವ ವಿಧಾನದ ಬಗ್ಗೆಯೂ ಒಂದು ಮಾತು. ಕಾರಿನ ಮಧ್ಯರೇಖೆಗೆ ಸಮಾನಾಂತರವಾಗಿ ಎರಡು ದಾರ ಕಟ್ಟಿ ರಿಮ್‌ನಿಂದ ಅಳೆಯುವ ಹಳೆಯ ಪದ್ಧತಿ ಟೋ ವಿಷಯದಲ್ಲಿ ಲೇಸರ್ ಯಂತ್ರಕ್ಕೆ ಕಡಿಮೆಯೇನಲ್ಲ, ಆದರೆ ನೆಲ ಸಮತಟ್ಟಾಗಿರಬೇಕು ಮತ್ತು ಚಾಲಕನ ಆಸನದಲ್ಲಿ ಚಾಲಕನಷ್ಟೇ ತೂಕ ಇಟ್ಟಿರಬೇಕು. ಯಂತ್ರ ಡಿಗ್ರಿಯಲ್ಲಿ ಹೇಳುತ್ತದೆ, ದಾರ ಮಿಲಿಮೀಟರ್‌ನಲ್ಲಿ ಹೇಳುತ್ತದೆ: 16 ಇಂಚಿನ ರಿಮ್‌ನಲ್ಲಿ 1 ಮಿಲಿಮೀಟರ್ ಎಂದರೆ ಸುಮಾರು 0.14 ಡಿಗ್ರಿ. ಆ ಸಂಖ್ಯೆ ಒಂದು ಚಕ್ರದ್ದೋ ಎರಡೂ ಸೇರಿಯೋ ಎಂದು ಕೇಳಿಕೊಳ್ಳದಿದ್ದರೆ ಅರ್ಧದಷ್ಟು ವ್ಯತ್ಯಾಸವಾಗುತ್ತದೆ. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿಯೇ ಬದಲಾಗುವುದರಿಂದ ಟೋ ಯಾವಾಗಲೂ ಕೊನೆಯ ಕೆಲಸ.

ರಸ್ತೆ ಟೈರಿನಲ್ಲೇ ಟ್ರ್ಯಾಕ್‌ಗೆ ಹೋಗಿ, ಅದರಲ್ಲೇ ಮನೆಗೆ ಮರಳುವವರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ, ನನ್ನ ಕಾರಿನಲ್ಲೂ ಈಗ ಅದೇ ಇದೆ. ಪ್ರವೇಶದ ಚುರುಕು ಬೇಕೆನಿಸಿದ ದಿನ ಟೈ ರಾಡ್‌ಗಳ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳುಗಳು) ಮೇಲೆ ಬಣ್ಣದ ಗುರುತು ಹಾಕಿಕೊಂಡು, ಪಿಟ್‌ನಲ್ಲಿ ಎರಡೂ ಬದಿ ಸಮನಾಗಿ ತಿರುಗಿಸಿ ಮುಂದಿನ ಟೋ ಔಟ್ ಕೊಡಬಹುದು, ಸಂಜೆ ಗುರುತಿಗೆ ಮರಳಿಸಬಹುದು. ಹಿಂದಿನ ಟೋ ಮಾತ್ರ ಹೀಗೆ ದಿನಕ್ಕೊಂದು ಬಗೆಯಲ್ಲಿ ತಿರುಗಿಸುವ ವಸ್ತುವಲ್ಲ.