ಇಂಗಲ್‌ಬರೋ ಬೆಟ್ಟಕ್ಕೆ ಮೂರು ದಾರಿ

ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನ ಇಂಗಲ್‌ಬರೋ ಬೆಟ್ಟದ ಎತ್ತರ 723 ಮೀಟರ್. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಮೇಲೆ. ಅಂದರೆ ಈ ಬೆಟ್ಟದ ನೆತ್ತಿ ಹತ್ತಿದರೂ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕಿಂತ ಕೆಳಗೇ ಇರುತ್ತೀರಿ. ಲೀಡ್ಸ್‌ಗೆ ಬಂದ ಹೊಸದರಲ್ಲಿ ಈ ಲೆಕ್ಕ ಹಾಕಿ ನಕ್ಕಿದ್ದೆ. ಆಮೇಲೆ ಬೇರೆ ಬೇರೆ ಊರುಗಳಿಂದ ಐದು ಸಲ ಹತ್ತಿದ್ದಾಯಿತು, ನಗು ನಿಂತಿದೆ. ಗೆಳೆಯರೆಲ್ಲ ಕೇಳುವುದು ಯಾವ ಕಡೆಯಿಂದ ಹತ್ತಬೇಕು ಅಂತ. ನನ್ನನ್ನು ಕೇಳಿದರೆ, ಯಾವ ಕಡೆಯಿಂದ ಇಳಿಯುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಬೇಕು.

ಮೊದಲ ಸಲ ಹೋದದ್ದು ಚಾಪಲ್-ಲೆ-ಡೇಲ್ ಕಡೆಯಿಂದ. ಎಲ್ಲಕ್ಕಿಂತ ಹತ್ತಿರದ ದಾರಿ, ಹೋಗಿ ಬರುವುದಕ್ಕೆ ಎಂಟು ಕಿಲೋಮೀಟರ್ ಆಸುಪಾಸು. ರಸ್ತೆ ಬಿಟ್ಟ ಸ್ವಲ್ಪ ಹೊತ್ತಿಗೆ ಸುಣ್ಣಕಲ್ಲಿನ ಹಾಸು ಸಿಗುತ್ತದೆ. ಬಿಳಿ ಬಂಡೆಗಳ ನಡುವೆ ಮೊಣಕಾಲಾಳದ ಬಿರುಕುಗಳು, ಅವುಗಳೊಳಗೆ ಗಾಳಿಗೂ ಕುರಿಗೂ ಸಿಗದೆ ಬೆಳೆದ ಜರೀಗಿಡ. ಅಲ್ಲಿಂದ ಮುಂದೆ ಜವುಗು ನೆಲ. ಮೇಲೆ ಚಪ್ಪಡಿ ಹಾಸಿರುವುದರಿಂದ ಬೂಟು ಹೂತುಕೊಳ್ಳುವುದಿಲ್ಲ. ಕೊನೆಗೆ ಗೋಡೆಯ ಹಾಗೆ ಎದ್ದು ನಿಂತ ಇಳಿಜಾರು, ಅದಕ್ಕೆ ಕಲ್ಲಿನ ಮೆಟ್ಟಿಲು. ನಡುವೆ ಉಸಿರಿಗೆಂದು ನಿಂತು ಹಿಂದಿರುಗಿ ನೋಡಿದರೆ ವರ್ನ್‌ಸೈಡ್ ಬೆಟ್ಟ, ಅದರ ಪಕ್ಕಕ್ಕೆ ರಿಬಲ್‌ಹೆಡ್ ರೈಲು ಸೇತುವೆಯ 24 ಕಮಾನುಗಳು. ಈ ನೋಟ ಬೇರೆ ಯಾವ ದಾರಿಯಲ್ಲೂ ಇಲ್ಲ.

ಇಲ್ಲಿನ ತೊಂದರೆ ಶುರುವಾಗುವುದು ಮೇಲೆ ಹೋದ ಮೇಲೆ. ಇಂಗಲ್‌ಬರೋದ ನೆತ್ತಿ ಚೂಪಲ್ಲ, ಮೈದಾನದಂತೆ ಮಟ್ಟಸ. ಹಿಂದೆ ಅಲ್ಲಿ ಕೋಟೆಯೇ ಇತ್ತು. ಗಾಳಿ ತಡೆಯಲು ಕೂಡುಗುರುತಿನ ಆಕಾರದಲ್ಲಿ ಕಟ್ಟಿದ ಕಲ್ಲಿನ ಗೋಡೆ ಇದೆ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಒಂದು ಮೂಲೆಯಲ್ಲಿ ಕೂರಬಹುದು. ನಾವಿಬ್ಬರೂ ಅಲ್ಲಿ ಕೂತು ಚಿತ್ರಾನ್ನದ ಡಬ್ಬಿ ಖಾಲಿ ಮಾಡುವಷ್ಟರಲ್ಲಿ ಮಂಜು ಕವಿದುಬಿಟ್ಟಿತು. ಎದ್ದು ನಿಂತರೆ ನಾಲ್ಕೂ ದಿಕ್ಕು ಒಂದೇ ಥರ. ಸವೆದ ದಾರಿಯೊಂದು ಕಂಡಿತು, ಹಿಡಿದು ಹೊರಟೆವು. ಅರ್ಧ ಗಂಟೆಯ ಮೇಲೆ ಹೆಂಡತಿ ಕೇಳಿದಳು: "ರೀ, ಆ ಮೆಟ್ಟಿಲು ಇನ್ನೂ ಬಂದೇ ಇಲ್ವಲ್ಲ?" ಬರುವುದಾದರೂ ಹೇಗೆ? ನೆತ್ತಿಯ ಈಶಾನ್ಯ ಮೂಲೆ ಇಳಿದ ಕೂಡಲೇ ದಾರಿ ಕವಲೊಡೆಯುತ್ತದೆ. ಎಡಕ್ಕೆ ಚಾಪಲ್-ಲೆ-ಡೇಲ್, ನೇರ ಹೋದರೆ ಹಾರ್ಟನ್. ನಾವು ನೇರ ಹೋಗಿದ್ದೆವು. ಮತ್ತೆ ಮಂಜಿನೊಳಕ್ಕೆ ಹತ್ತುವ ಧೈರ್ಯ ಬರಲಿಲ್ಲ. ಹಾರ್ಟನ್‌ವರೆಗೂ ನಡೆದು, ರೈಲಿಗೆ ಕಾದು, ಮುಂದಿನ ನಿಲ್ದಾಣ ರಿಬಲ್‌ಹೆಡ್‌ನಲ್ಲಿಳಿದು, ರಸ್ತೆ ಬದಿಯಲ್ಲಿ ಕಾಲೆಳೆದುಕೊಂಡು ಕಾರಿನ ಹತ್ತಿರ ಬಂದಾಗ ಕತ್ತಲಾಗಿತ್ತು. ಹೀಗೆ ಹಾರ್ಟನ್ ದಾರಿಯ ಪರೀಕ್ಷೆಯೂ ನಮಗೆ ಬೇಡದೆಯೇ ಆಯಿತು. ಇಳಿಜಾರು ಸೌಮ್ಯ, ಆದರೆ ಮುಗಿಯುವುದೇ ಇಲ್ಲ.

ಶನಿವಾರ ಭಾನುವಾರ ಈ ಮೆಟ್ಟಿಲುಗಳಲ್ಲಿ ಇನ್ನೊಂದು ಕಷ್ಟವಿದೆ. ಪೆನ್-ಇ-ಗೆಂಟ್, ವರ್ನ್‌ಸೈಡ್, ಇಂಗಲ್‌ಬರೋ ಮೂರನ್ನೂ ಸೇರಿಸಿ 38 ಕಿಲೋಮೀಟರನ್ನು 12 ಗಂಟೆಯೊಳಗೆ ನಡೆದು ಮುಗಿಸುವ ಪಂಥ ಇಲ್ಲಿ ಬಹಳ ಜನಪ್ರಿಯ. ಹಾರ್ಟನ್‌ನಿಂದ ಹೊರಟವರಿಗೆ ಸಾಮಾನ್ಯವಾಗಿ ಇದೇ ಕೊನೆಯ ಏರು. ಮಧ್ಯಾಹ್ನದ ಮೇಲೆ ನೀವು ಇಳಿಯುತ್ತಿದ್ದರೆ, ಸೋತ ಮುಖಗಳ ಸಾಲು ಎದುರಿಗೆ ಬರುತ್ತಲೇ ಇರುತ್ತದೆ. ದಾರಿ ಬಿಡುವುದರಲ್ಲೇ ಹೊತ್ತು ಹೋಗುತ್ತದೆ.

ಕ್ಲ್ಯಾಪಮ್ ದಾರಿ ದೂರದ್ದು, ಹೋಗಿ ಬರಲು 15 ಕಿಲೋಮೀಟರ್ ಹಿಡಿಯಿರಿ. ಆದರೂ ನನ್ನ ಮನಸ್ಸು ಇದರ ಕಡೆಗೇ. ಊರೊಳಗೆ ಹರಿಯುವ ಹಳ್ಳದ ಜೊತೆ ಕಾಡಿನೊಳಗೆ ಹೊರಟು (ಇದು ಎಸ್ಟೇಟಿನ ಜಾಗ, ಸಣ್ಣ ಶುಲ್ಕವಿದೆ, ಬೇಡವೆಂದರೆ ಪಕ್ಕದ ಓಣಿ ಹಿಡಿಯಬಹುದು) ಇಂಗಲ್‌ಬರೋ ಗುಹೆಯ ಬಾಗಿಲು ದಾಟಿದರೆ ಟ್ರೋ ಗಿಲ್ ಅನ್ನುವ ಇಕ್ಕಟ್ಟಾದ ಕಮರಿ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ಕೊನೆಯಲ್ಲಿ ಬಂಡೆಗಳ ಮೇಲೆ ಕೈಯೂರಿ ಹತ್ತುವಷ್ಟು ಕಿರಿದು. ಅದರಾಚೆಯ ಬಯಲಿನಲ್ಲಿ ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಗೇಪಿಂಗ್ ಗಿಲ್. ಸುತ್ತ ಬೇಲಿ, ನಡುವೆ ನೆಲ ಬಾಯಿ ತೆರೆದಿದೆ. ಅಷ್ಟು ದೂರದಿಂದ ತೆಪ್ಪಗೆ ಹರಿದು ಬಂದ ತೊರೆ ಅಲ್ಲಿ 98 ಮೀಟರ್ ಕೆಳಕ್ಕೆ, ಕತ್ತಲೊಳಕ್ಕೆ ಬೀಳುತ್ತದೆ. ನೀರು ಕಾಣುವುದಕ್ಕಿಂತ ಸದ್ದು ಹೆಚ್ಚು. 1895ರಲ್ಲಿ ಫ್ರಾನ್ಸಿನ ಗುಹಾಶೋಧಕ ಮಾರ್ಟೆಲ್ ಹಗ್ಗದ ಏಣಿ ಕಟ್ಟಿ ಮೊದಲ ಬಾರಿಗೆ ತಳ ಮುಟ್ಟಿದ. ಅಲ್ಲಿ ಬಿದ್ದ ನೀರು ಬೆಟ್ಟದ ಹೊಟ್ಟೆಯೊಳಗೆ ಹಾದು, ನಾವು ಬೆಳಿಗ್ಗೆ ದಾಟಿ ಬಂದ ಗುಹೆಯ ಹತ್ತಿರವೇ ಹೊರಬರುತ್ತದೆ. ಆ ಹಾದಿಯನ್ನು ಮನುಷ್ಯರು ಒಳಗಿನಿಂದಲೇ ದಾಟಿದ್ದು 1983ರಲ್ಲಿ. ಇಷ್ಟು ತಿಳಿದ ಮೇಲೆ ಹಳ್ಳದ ಪಕ್ಕದ ಆ ಮೊದಲ ಒಂದು ಗಂಟೆಯ ನಡಿಗೆ ಬೇಸರ ತರಿಸುವುದಿಲ್ಲ.

ಇಲ್ಲಿಂದ ಮುಂದೆ ಲಿಟ್ಲ್ ಇಂಗಲ್‌ಬರೋ ಏರು ತೊಡೆಗೆ ಚುರುಕು ಮುಟ್ಟಿಸುತ್ತದೆ, ಅಷ್ಟೇ. ಮಕ್ಕಳಿದ್ದರೆ ಗೇಪಿಂಗ್ ಗಿಲ್‌ನಿಂದಲೇ ವಾಪಸಾಗಿ, ಏನೂ ನಷ್ಟವಿಲ್ಲ. ಬೇಲಿಯ ಹತ್ತಿರ ಮಾತ್ರ ಕೈ ಬಿಡಬೇಡಿ.

ಇಂಗಲ್ಟನ್ ದಾರಿಯ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿಲ್ಲ. ಎರಡೂ ಕಡೆ ಕಲ್ಲುಗೋಡೆಯಿರುವ ಉದ್ದನೆಯ ಓಣಿ, ಕ್ರಿನಾ ಬಾಟಮ್ ಅನ್ನುವ ಕಡೆ ಒಂಟಿ ಮನೆ, ಆಮೇಲೆ ಹುಲ್ಲು, ಕುರಿ, ಕೊನೆಗೊಂದು ಕಡಿದಾದ ಏರು. ಒಟ್ಟು 12 ಕಿಲೋಮೀಟರ್. ಮೇಲಕ್ಕೆ ಹೋಗುವಾಗ ಬೆಟ್ಟ ಕಣ್ಣೆದುರೇ ಇದ್ದು ಹತ್ತಿರವಾಗುವುದೇ ಇಲ್ಲ. ಆದರೆ ಇಳಿಯಲು ಇದರಷ್ಟು ನಂಬಿಕಸ್ಥ ದಾರಿ ಇನ್ನೊಂದಿಲ್ಲ. ನೆತ್ತಿಯ ನೈರುತ್ಯ ಅಂಚನ್ನು ದಿಕ್ಸೂಚಿ ಹಿಡಿದು ಹುಡುಕಿಕೊಂಡರೆ ಮುಗಿಯಿತು, ಆಮೇಲೆ ದಾರಿ ತಪ್ಪಿಸುವ ಕವಲಿಲ್ಲ. ಮಂಜು ಇದ್ದರೂ ಗೋಡೆಗಳೇ ಊರಿಗೆ ತಲುಪಿಸುತ್ತವೆ.

ಆದ್ದರಿಂದ ಈಗ ನಾವು ಹತ್ತುವುದು ಕ್ಲ್ಯಾಪಮ್‌ನಿಂದ, ಇಳಿಯುವುದು ಇಂಗಲ್ಟನ್‌ಗೆ. ಇಬ್ಬರು ಗೆಳೆಯರು ಎರಡು ಕಾರು ತಂದರೆ ಒಂದನ್ನು ಇಂಗಲ್ಟನ್‌ನಲ್ಲಿ ನಿಲ್ಲಿಸಿ ಬರುವುದು ಸುಲಭ. ಚಾಪಲ್-ಲೆ-ಡೇಲ್ ಮೆಟ್ಟಿಲನ್ನು ಹವಾಮಾನ ತಿಳಿಯಾಗಿರುವ ವಾರದ ದಿನಕ್ಕೆ ಇಟ್ಟುಕೊಂಡಿದ್ದೇವೆ. ಮೇ ಕೊನೆಗೂ ಆಗಸ್ಟ್‌ನಲ್ಲೂ ಗುಹೆ ಸಂಘದವರು ಗೇಪಿಂಗ್ ಗಿಲ್ ಮೇಲೆ ರಾಟೆ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಜನರನ್ನು ಒಳಕ್ಕೆ ಇಳಿಸುತ್ತಾರೆ. ಈ ಸಲ ಹೆಂಡತಿ ಇಳಿಯುತ್ತಾಳಂತೆ. ಮೇಲೆ ಬ್ಯಾಗು ಕಾಯುವ ಕೆಲಸ ನನ್ನದು.